ವಿನಾಯಿತಿ ಬೇಡ

"ಅವರಿಗೆ ಹೇಳಮ್ಮಾ, ಇಲ್ಲೊಂದು ಸಹಿ ಹಾಕಿದ್ರೆ ಸಾಕು, ಮನೆಗೆ ಹೋಗಬಹುದು ಅಂತ," ಎನ್ನುತ್ತ ಗುಮಾಸ್ತೆ ಡಾರ್ಲೀನ್ ವಿನಾಯಿತಿ ಅರ್ಜಿಯನ್ನು ಕಿಟಕಿಯಿಂದ ಈಚೆಗೆ ತಳ್ಳಿದಳು. ಹೇಳಿದ್ದು ಮಾರ್ಲಾಗೆ. ಊರಿನ ಹನ್ನೆರಡು ಜನ ಕೂತು ತೀರ್ಪು ಹೇಳುವ ಜ್ಯೂರಿಗೆ ಬರಬೇಕೆಂದು ಕೋರ್ಟಿನಿಂದ ಸಮನ್ಸ್ ಹೋಗಿದ್ದು ಪಕ್ಕದಲ್ಲಿ ನಿಂತಿದ್ದ ಎಲ್ಡನ್ ಕ್ರೌಡರ್‌ಗೆ. ಎಲ್ಡನ್‌ಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮಾರ್ಲಾ ಸನ್ನೆ ಭಾಷೆಯ ದುಭಾಷಿ. ಎಲ್ಡನ್ ಮೂರು ಕಾಗದ ಬರೆದು ಕಾಡಿದ ಮೇಲೆ ಕೋರ್ಟಿನವರು ಅವಳನ್ನು ಗೊತ್ತುಮಾಡಿಕೊಟ್ಟಿದ್ದರು.

ಎಲ್ಡನ್‌ನ ಕೈಗಳು ಆಡಿದವು. "ನನಗೆ ವಿನಾಯಿತಿ ಬೇಡ," ಎಂದಳು ಮಾರ್ಲಾ.

"ನಿನಗಲ್ಲ ಕಣಮ್ಮಾ, ಅವರಿಗೆ!"

"ನಾನೂ ನನ್ನ ವಿಷಯಾನೇ ಹೇಳ್ತಿರೋದು. ಐವತ್ತೆಂಟು ವರ್ಷದ ಗಂಡಸು ನಾನು," ಎಂದಳು ಮಾರ್ಲಾ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. ಎಲ್ಡನ್ ಹೇಗೆ ಹೇಳುತ್ತಾನೋ ಹಾಗೇ ಹೇಳುವುದು ಅವಳ ಕೆಲಸ. ಹಿಂದಿನ ಸಾಲಿನವರು ಗೊಳ್ಳೆಂದರು. ಓಹಾಯೊದಲ್ಲಿ ಅದು ಸೋಯಾ ಕೊಯ್ಲಿನ ಕಾಲ. ಸಾಲಿನಲ್ಲಿದ್ದವರಿಗೆಲ್ಲ ತಪ್ಪಿಸಿಕೊಳ್ಳುವುದೇ ಯೋಚನೆ. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬಳಿಗೆ ಮೊಮ್ಮಗಳ ಮದುವೆ. "ನಿನಗೆ ಬೇಡವಾದ್ರೆ ಆ ಅರ್ಜಿ ಈ ಕಡೆ ಕೊಡಪ್ಪಾ," ಎಂದು ಯಾರೋ ಕೂಗಿದರು.

"ಹೋದ ನಾಲ್ಕು ಸಲಾನೂ ನೀವು ಕೇಳದೇನೇ ಬಿಟ್ಟಿದ್ದೀವಿ," ಎಂದಳು ಡಾರ್ಲೀನ್, ಈಗಲೂ ಮಾರ್ಲಾಳ ಕಡೆಗೇ ತಿರುಗಿ. "ನಿಮ್ಮ ಒಳ್ಳೇದಕ್ಕೇ ತಾನೇ?"

"ತೆರಿಗೆಯವರು ಒಂದು ಸಲಾನೂ ಬಿಟ್ಟಿಲ್ಲವಲ್ಲ, ನೀವ್ಯಾಕೆ ಬಿಡ್ತೀರಿ?"

ಡಾರ್ಲೀನ್ ಕೆಟ್ಟವಳಲ್ಲ. ತೊಂದರೆ ಇರುವುದೇ ಅಲ್ಲಿ. ಒಳ್ಳೆಯ ಮನಸ್ಸಿನಿಂದ ಬಾಗಿಲು ಹಾಕುವವರ ಜೊತೆ ಜಗಳ ಆಡಲೂ ಆಗುವುದಿಲ್ಲ. ನಾಲ್ಕು ಸಲವೂ ಎಲ್ಡನ್ ಅವಮಾನದಿಂದ ಕುದಿಯುತ್ತ ಮನೆಗೆ ಹೋಗಿದ್ದ. ಡಾರ್ಲೀನ್ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಿಡುವುದಕ್ಕೊಂದು ಖಾನೆ ಇತ್ತು, ಮುಂದೂಡುವುದಕ್ಕೊಂದು ಇತ್ತು, 'ನನ್ನನ್ನು ತೆಗೆದುಕೊಳ್ಳಿ' ಎನ್ನುವುದಕ್ಕೆ ಎಲ್ಲೂ ಜಾಗ ಇರಲಿಲ್ಲ. "ಮೇಲೆ ಜಡ್ಜ್ ಹತ್ರಾನೇ ಹೇಳ್ಕೊಳಿ," ಎಂದು ಕಳಿಸಿದಳು.

ಮೇಲಿನ ಮಹಡಿಯಲ್ಲಿ ನಡೆಯಬೇಕಿದ್ದ ಮೊಕದ್ದಮೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳದು. ಪಿಕಪ್ ಗಾಡಿ ಕದ್ದ ಆರೋಪ. ಜ್ಯೂರಿಯ ಹನ್ನೆರಡು ಜನರನ್ನು ಆರಿಸುವಾಗ ಅವಳ ವಕೀಲ ಕೀಟಿಂಗ್‌ಗೆ ಎಲ್ಡನ್ ಮೇಲೆ ಅನುಮಾನ. "ಸುಳ್ಳು ಹೇಳೋ ಸಾಕ್ಷಿಯ ಧ್ವನಿ ನಡುಗುತ್ತೆ. ಅದು ಇವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಮಾರ್ಲಾಳನ್ನು ಕೇಳಿದ.

ಎಲ್ಡನ್ ಎದ್ದು ನಿಂತ. ಅವನ ಕೈಗಳ ಹಿಂದೆಯೇ ಮಾರ್ಲಾಳ ಮಾತು ಓಡಿತು: "ಮೂವತ್ತು ವರ್ಷ ಪತ್ರಿಕೆ ಅಚ್ಚುಹಾಕೋ ಕಡೆ ದುಡಿದಿದೀನಿ. ಯಂತ್ರ ಓಡೋವಾಗ ಅಲ್ಲಿ ಎಲ್ಲರೂ ಕಿವುಡರೇ. ಕಿವಿ ಕೇಳಿಸದ ನಾವು ನಾಲ್ಕು ಜನ ಮಾತ್ರ ಕೈಯಲ್ಲೇ ಆರಾಮಾಗಿ ಹರಟೆ ಹೊಡ್ಕೊಂಡಿರ್ತಿದ್ವಿ. ಮುಖ ಓದೋದು ನನಗೆ ಹೊಸದಲ್ಲ. ನೀವು ಐದು ಪ್ರಶ್ನೆ ಕೇಳಿದ್ರಿ, ಐದನ್ನೂ ಈ ಹೆಣ್ಣುಮಗಳ ಮುಖ ನೋಡ್ಕೊಂಡೇ ಕೇಳಿದ್ರಿ. ನಾಲ್ಕು ಸಲ ಪೆನ್ನಿನ ಮುಚ್ಚಳ ತೆಗೆದು ಹಾಕಿದ್ರಿ. ನಾನು ಬೇಡ ಅಂತ ನಿಮ್ಮ ಮನಸ್ಸಲ್ಲಿದೆ, ಬಾಯಿಬಿಟ್ಟು ಹೇಳೋಕೆ ಸಂಕೋಚ. ಧ್ವನಿ ಕೇಳಿಸಿದ್ದಿದ್ರೆ ಇದಕ್ಕಿಂತ ಇನ್ನೇನು ಜಾಸ್ತಿ ಗೊತ್ತಾಗ್ತಿತ್ತು?"

ಕೋರ್ಟಿಗೆ ಕೋರ್ಟೇ ನಕ್ಕಿತು. ಬೆಳಗಿನಿಂದ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಕೀಟಿಂಗ್‌ನ ತೋಳು ಜಗ್ಗಿ ಏನೋ ಪಿಸುಗುಟ್ಟಿದಳು. ಅವನು ಪೆನ್ನನ್ನು ಮೇಜಿನ ಮೇಲಿಟ್ಟು, ಎಲ್ಡನ್‌ನ ಕಣ್ಣನ್ನೇ ನೋಡಿ, "ನನ್ನದೇನೂ ಅಭ್ಯಂತರ ಇಲ್ಲ, ಕ್ರೌಡರ್ ಅವರೇ," ಎಂದ. ಜ್ಯೂರಿ ಕೂತು ಚರ್ಚಿಸುವ ಒಳಕೋಣೆಯಲ್ಲಿ ಬರೀ ಎಲ್ಡನ್‌ಗೆ ಕಿವಿ, ಬಾಯಿ ಆಗಿರುತ್ತೇನೆ, ನನ್ನ ಅಭಿಪ್ರಾಯ ಹೇಳುವುದಿಲ್ಲ ಎಂದು ಮಾರ್ಲಾ ಮೊದಲು ಪ್ರಮಾಣ ಮಾಡಿದಳು. ಆಮೇಲೆ ಪ್ರಮಾಣಕ್ಕೆ ಜ್ಯೂರಿಯ ಹನ್ನೆರಡು ಬಲಗೈಗಳು ಮೇಲೆದ್ದವು. ಎಲ್ಡನ್‌ನ ಎದೆ ಹಿಗ್ಗಿ ಕೋಟಿನ ಗುಂಡಿ ಬಿಗಿಯಾಯಿತು.

ಸಾಕ್ಷಿ, ವಾದ ಎಲ್ಲ ಮುಗಿದು ಮೂರನೆಯ ದಿನ ಒಳಕೋಣೆಯ ಬಾಗಿಲು ಮುಚ್ಚಿದ್ದೇ ತಡ, ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ಲಾರಿ ಓಡಿಸುವ ದಢೂತಿ ಹಾಲಿಸ್‌ನದೇ ಎಲ್ಲರಿಗಿಂತ ದೊಡ್ಡ ಗಂಟಲು. ಎಲ್ಡನ್ ಮೇಜಿನ ಮೇಲೆ ಎರಡು ಸಲ ಅಂಗೈ ಬಡಿದ. "ಒಬ್ಬೊಬ್ಬರೇ ಮಾತಾಡಿ. ಈ ಹೆಣ್ಣುಮಗಳಿಗೆ ಇರೋದು ಎರಡೇ ಕೈ."

ಬೇರೆ ದಾರಿಯಿರಲಿಲ್ಲ. ಕೈಯೆತ್ತಿದವರು ಮಾತ್ರ ಮಾತಾಡಬೇಕು, ಮಿಕ್ಕವರು ಕಾಯಬೇಕು. ಹಾಲಿಸ್ ತುಟಿ ಕಚ್ಚಿಕೊಂಡು ಕಾದ. ಹೀಗೆ ಸರದಿ ಮೂಲೆಯವರೆಗೂ ಬಂತು. ಅಲ್ಲಿದ್ದವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಮೆಲುದನಿಯ ಹೆಂಗಸು. ಆಗಿನಿಂದ ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿಕೊಂಡಿದ್ದಳು. "ಗಾಡಿ ಸಿಕ್ಕಾಗ ಪೊಲೀಸರು ತೆಗೆದ ಫೋಟೋದಲ್ಲಿ ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿಸಿದೆ," ಎಂದಳು. "ಆ ಹುಡುಗಿ ನನಗಿಂತ ಕುಳ್ಳಿ. ಅವಳ ಕಾಲು ಬ್ರೇಕಿಗೆ ಎಟುಕುತ್ತಾ?"

ಮೇಜಿನ ಸುತ್ತ ಫೋಟೋ ಕೈಯಿಂದ ಕೈಗೆ ಹೋಯಿತು. ಒಂದು ಗಂಟೆಯೊಳಗೆ ಹನ್ನೆರಡು ಜನರೂ ಒಪ್ಪಿದರು: ಹುಡುಗಿ ನಿರ್ದೋಷಿ. ತೀರ್ಪನ್ನು ಬರೆದು ಸಹಿ ಹಾಕಲು ಎಲ್ಲರೂ ಸೇರಿ ಆರಿಸಿದ್ದು ಎಲ್ಡನ್‌ನನ್ನೇ.

ಅವನು ಸಹಿ ಹಾಕಿ ಮುಗಿಸುವವರೆಗೂ ಹಾಲಿಸ್ ಕಾದು ನಿಂತಿದ್ದ. ಆಮೇಲೆ ಮುಂದೆ ಬಂದು ನಿಧಾನವಾಗಿ ಹೇಳಿದ: "ಇದು ನನ್ನ ನಾಲ್ಕನೇ ಜ್ಯೂರಿ ಕಣಯ್ಯಾ. ಪಕ್ಕದಲ್ಲಿ ಕೂತವರು ಹೇಳಿದ್ದು ನನ್ನ ಕಿವಿಗೆ ಬಿದ್ದಿದ್ದು ಇದೇ ಮೊದಲು."