ಅಜ್ಜಿ ತಡೆಯುವ ಜಾಗ

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ. ಪ್ರತಿ ಮನೆಗೂ ಅದರದೇ ತಾಳ. ಹೊಸ್ತಿಲ ಮುಂದೆ ನಿಂತು ಅದನ್ನು ಚಪ್ಪಾಳೆಯಲ್ಲಿ ಹಾಕಿದರೆ ಬಾಗಿಲು ತೆರೆಯುತ್ತದೆ. ಅದಕ್ಕೇ ಬಾಲವಾಡಿಯ ಮಕ್ಕಳು ಅಕ್ಷರಕ್ಕಿಂತ ಮೊದಲು ಮನೆಯ ತಾಳ ಕಲಿಯುತ್ತಾರೆ. ತಪ್ಪಿಲ್ಲದೆ ತಟ್ಟಿದವರಿಗಷ್ಟೇ ಒಬ್ಬರೇ ಮನೆಗೆ ಹೋಗುವ ಅಪ್ಪಣೆ.

ಐದು ವರ್ಷದ ನೀಲವ್ವನಿಗೆ ಇನ್ನೂ ಅಪ್ಪಣೆ ಸಿಕ್ಕಿರಲಿಲ್ಲ. ಅವಳ ಮನೆಯದು ಮೂರು, ನಾಲ್ಕು: ತಕಿಟ ತಕಧಿಮಿ. ಅವಳು ಮೂರು ತಟ್ಟಿ, ಸುಮ್ಮನೆ ನಿಂತು, ಆಮೇಲೆ ನಾಲ್ಕು ತಟ್ಟುತ್ತಿದ್ದಳು.

"ನಡುವ ನಿಲ್ಲಬ್ಯಾಡವಾ" ಎಂದು ತಿಂಗಳಿಡೀ ಹೇಳಿ ಸಾಕಾದ, ಬಾಲವಾಡಿಯಲ್ಲಿ ಕಲಿಸುವ ಶಕುಂತಲಾ ಅಕ್ಕೋರು ಒಂದು ಸಂಜೆ ತಾವೇ ಅವಳನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಬಾಗಿಲ ಮುಂದೆ ಇಡೀ ತಾಳವನ್ನು ನಡುವೆ ನಿಲ್ಲದೆ ಎಂಟು ಸಲ ಸರಿಯಾಗಿ ತಟ್ಟಿದರು. ಜಪ್ಪಯ್ಯ ಅಂದರೂ ಬಾಗಿಲು ತೆರೆಯಲಿಲ್ಲ.

ನೀಲವ್ವ ಮೂರು ತಟ್ಟಿದಳು, ನಿಂತಳು, ನಾಲ್ಕು ತಟ್ಟಿದಳು. ಬಾಗಿಲು ತೆರೆಯಿತು.

ಹಿತ್ತಲಿಂದ ಅವಳ ಅಜ್ಜಿ ಬಂದು ನಕ್ಕಳು. "ಮೂರು ಹೊಡಿಯೂದ್ರಾಗ ನನ್ನ ಕೈ ಸೋಲ್ತಾವ್ರಿ ಅಕ್ಕೋರ. ಒಂಚೂರು ತಡದು ಹೊಡೀತೀನಿ. ದಿನಾ ಕೇಳಿ ಕೇಳಿ ಬಾಗಲಾನೂ ಹಂಗ ಕಲ್ತದ."

ಅಕ್ಕೋರು ಅಲ್ಲೇ ಅಪ್ಪಣೆ ಕೊಟ್ಟರು. ಮರುದಿನ ಪಾಠಕ್ಕೆ ಮೊದಲು ಎಲ್ಲ ಮಕ್ಕಳಿಗೂ ಹೇಳಿದರು: "ನಿಮ್ಮ ಮನ್ಯಾಗ ಯಾರು ಎಲ್ಲಿ ತಡೀತಾರ, ಮೊದಲ ಅದನ್ನ ತಟ್ಟಿ ತೋರಸ್ರಿ."