ಏಳನೆಯ ಮೆಟ್ಟಿಲು

ಏಳನೆಯ ಮೆಟ್ಟಿಲಿಗೆ ಟೇಪು ಹಿಡಿದ ತಜ್ಞರು ನಕ್ಕೇಬಿಟ್ಟರು. "ಉಳಿದಿದ್ದಕ್ಕಿಂತ ಎರಡಿಂಚು ಎತ್ತರ. ಬಡಗಿ ಅಳತೆ ತಪ್ಪಿದ್ದಾನೆ, ಅಷ್ಟೇ." ಹಳೆಯ ಮನೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಅವರು ನೋಟುಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡರು.

ಮನೆಯ ಯಜಮಾನ ದೊಡ್ಡಪ್ಪನ ಮೂಗು ಕೆಂಪಾಯಿತು. "ತಪ್ಪಲ್ಲ ಸಾರ್! ಕಳ್ಳ ಎಡವಲಿ ಅಂತ ನಮ್ಮ ಮುತ್ತಜ್ಜ ಬೇಕಂತಲೇ ಮಾಡಿಸಿದ್ದು. ಮನೆಯವರ ಕಾಲಿಗೆ ಗೊತ್ತಿರುತ್ತೆ."

"ನೂರಿಪ್ಪತ್ತು ವರ್ಷದಲ್ಲಿ ಎಷ್ಟು ಜನ ಕಳ್ಳರು ಬಿದ್ರು?"

"ಒಬ್ಬನೂ ಇಲ್ಲ. ಬಿದ್ದಿದ್ದೆಲ್ಲ ಬೀಗರೇ," ಎಂದರು ಕೆಳಗೆ ನಿಂತಿದ್ದ ದೊಡ್ಡಮ್ಮ. ದೊಡ್ಡಪ್ಪ ಹೆಂಡತಿಯನ್ನು ನುಂಗುವಂತೆ ನೋಡಿದರು.

ಮಹಡಿಯನ್ನು ಒಬ್ಬನೇ ನೋಡಿ ಬರುತ್ತೇನೆಂದು ಹೋದ ತಜ್ಞರು ಅರ್ಧ ಗಂಟೆಯ ಮೇಲೆ ಚೀಲವನ್ನು ಎದೆಗವಚಿಕೊಂಡು ಸರಸರನೆ ಇಳಿದರು. ಮೆಟ್ಟಿಲನ್ನು ಅಳೆದದ್ದು ಕೈ; ಕಾಲಿಗೆ ಅದರ ನೆನಪಿರಲಿಲ್ಲ. ಏಳನೆಯದರಲ್ಲಿ ಮುಗ್ಗರಿಸಿ, ಜಾರುತ್ತಾ ಬಂದು ದೊಡ್ಡಮ್ಮನ ಕಾಲ ಬಳಿ ಕೂತರು. ಚೀಲದಿಂದ ಠಣ್ಣನೆ ಹೊರಬಿದ್ದದ್ದು ಮುತ್ತಜ್ಜನ ಕೋಣೆಯ ಹಿತ್ತಾಳೆ ಬೀಗ.

ದೊಡ್ಡಪ್ಪ ಬೀಗದತ್ತ ನೋಡಲೂ ಇಲ್ಲ. ಬಿದ್ದಿದ್ದ ನೋಟುಪುಸ್ತಕವನ್ನು ಎತ್ತಿ, ಧೂಳು ಕೊಡವಿ, ಪೆನ್ನಿನ ಸಮೇತ ಅವರ ಕೈಗಿಟ್ಟರು. ಮುಖದಲ್ಲಿ ಹಿಗ್ಗೋ ಹಿಗ್ಗು.

"ತಿದ್ದಿಬಿಡಿ ಸಾರ್. ಒಬ್ಬ ಬಿದ್ದ."