ಎಡಗಡೆಯ ಮುಂದಿನ ಶಾಕ್

ಎಡಗಡೆಯ ಮುಂದಿನ ಶಾಕ್‌ನಲ್ಲಿ, ಅಂದರೆ ಜೀಪಿನ ಕುಲುಕಾಟ ನುಂಗುವ ಕೊಳವೆಯಲ್ಲಿ, ಗ್ಯಾಸು ಮತ್ತೆ ಇಳಿದಿತ್ತು. ಇಳಿದದ್ದಲ್ಲ, ಯಾರೋ ಇಳಿಸಿದ್ದರು.

ಕನ್ನಡಕದಂಗಡಿಯವನು ಶೆಡ್ಡಿನ ನೆಲದ ಮೇಲೆ ಅಂಗಾತ ಮಲಗಿ ತನ್ನ ಜೀಪಿನ ಅಡಿಯನ್ನು ದಿಟ್ಟಿಸಿದ. ನಿನ್ನೆ ಸಂಜೆ ತಾನೇ ಸಿಲಿಂಡರಿನಿಂದ ನೈಟ್ರೋಜನ್ ತುಂಬಿ, ವಾಲ್ವಿನ ಮುಚ್ಚಳ ತಿರುಗಿಸಿದ್ದ. ಆಗ ಒತ್ತಡದ ಗೇಜಿನ ಮುಳ್ಳು ಇನ್ನೂರರಲ್ಲಿತ್ತು. ಈಗ ನೂರೈವತ್ತು ಮುಟ್ಟಲೂ ಏದುಸಿರು ಬಿಡುತ್ತಿತ್ತು. ಉಳಿದ ಮೂರರ ತಂಟೆಗೆ ಯಾರೂ ಹೋದಂತಿರಲಿಲ್ಲ. ಅವುಗಳ ವಾಲ್ವು ಸಿಗಬೇಕಾದರೆ ಚಕ್ರ ಬಿಚ್ಚಬೇಕು. ಇದೊಂದರ ವಾಲ್ವು ಮಾತ್ರ ಹೊರಕ್ಕೆ ತಿರುಗಿದೆ, ಶೆಡ್ಡಿನ ಬಾಗಿಲಿಗೂ ಹತ್ತಿರ. ಬಗ್ಗಿದರೆ ಕೈಗೆ ಸಿಗುತ್ತದೆ.

ಕಳ್ಳ ಒಳಗಿನವನೇ.

ನಾಳೆ ಭಾನುವಾರ. ನಾಳೆಯೇ ಜೀಪಿನ ಹಣೆಬರಹ ತೀರ್ಮಾನ. ಹೋದ ತಿಂಗಳು ಕಲ್ಲುದಾರಿಯಲ್ಲಿ ಅದು ಕುಣಿದ ಕುಣಿತಕ್ಕೆ ಹೆಂಡತಿಯ ಸೊಂಟ ಹಿಡಿದಿತ್ತು. “ಈ ಮನೇಲಿ ಜೀಪಿರಬೇಕು, ಇಲ್ಲ ನಾನಿರಬೇಕು” ಎಂದಿದ್ದಳು. ಕೊನೆಗೆ ರಾಜಿಯಾದದ್ದು ಹೀಗೆ: ಅದೇ ದಾರಿಯಲ್ಲಿ ಇನ್ನೊಮ್ಮೆ ಹೋಗಬೇಕು. ಮುಂದಿನ ಸೀಟಿನಲ್ಲಿ ಅವಳ ಅಪ್ಪ ಬಿಳಿ ಅಂಗಿ ತೊಟ್ಟು, ತುಂಬು ಲೋಟ ಚಹಾ ಹಿಡಿದು ಕೂರಬೇಕು. ಅಂಗಿಯ ಮೇಲೆ ಒಂದು ತೊಟ್ಟು ಬಿದ್ದರೂ ಸೋಮವಾರ ಜೀಪು ಗುಜರಿಗೆ.

ಮಾವ ನಿವೃತ್ತ ಬಸ್ ಡ್ರೈವರು, ಈಗ ಮಗಳ ಮನೆಯಲ್ಲೇ ವಾಸ. “ನಾನು ಬ್ರೇಕ್ ಹಾಕಿದ್ರೆ ನಿದ್ದೆಯಲ್ಲಿರೋ ಮಗು ಮಗ್ಗುಲು ಸಹ ಬದಲಾಯಿಸ್ತಿರಲಿಲ್ಲ” ಎಂದು ಬಂದವರಿಗೆಲ್ಲ ಹೇಳುವ ಆಸಾಮಿ. ಅಂಥವರು ತೀರ್ಪುಗಾರರು!

ಅದಕ್ಕೇ ಅವನು ನೈಟ್ರೋಜನ್ ಸಿಲಿಂಡರನ್ನೇ ಮನೆಗೆ ತಂದಿದ್ದ. ಹೆಂಡತಿ ಹಣೆ ಚಚ್ಚಿಕೊಂಡಿದ್ದಳು. ಜೀಪು ಬರುವ ಮುಂಚೆ ಅವನ ಕೈಚಳಕವೆಲ್ಲ ಅಡುಗೆಮನೆಯ ಮೇಲೆ ನಡೆದಿತ್ತು. ಅವನು ರಿಪೇರಿ ಮಾಡಿದ ಮಿಕ್ಸಿ ಒಂದೇ ಒಂದು ಸಲ ತಿರುಗಿ, ಮುಚ್ಚಳವನ್ನು ಸೂರಿಗೆ ಎಸೆದು, ಪ್ರಾಣ ಬಿಟ್ಟಿತ್ತು.

ಸಿಲಿಂಡರ್ ಕೊಟ್ಟವನೂ ಎಚ್ಚರಿಸಿದ್ದ: “ಸಾರ್, ಶಾಕ್ ಒಳಗೆ ಹಿಡಿಯೋದೇ ಒಂದು ಗುಟುಕು ಗ್ಯಾಸು. ತುಂಬಿ, ಮುಚ್ಚಿ, ಮರೆತುಬಿಡಿ. ಹೊಸ ಬೀಗರ ಥರ ಗಳಿಗೆಗೊಮ್ಮೆ ಯೋಗಕ್ಷೇಮ ವಿಚಾರಿಸ್ಬೇಡಿ.”

“ನೋಡದೆ ನಂಬೋದು ನಮ್ಮ ಕಸುಬಲ್ಲಪ್ಪ” ಎಂದು ಕನ್ನಡಕದವನು ನಕ್ಕಿದ್ದ.

ಈಗ ಅವನು ವಾಲ್ವಿನ ಮುಚ್ಚಳವನ್ನು ಬೆಳಕಿಗೆ ಹಿಡಿದ. ಅದರ ಮೇಲೆ ಬಿಳಿ ಪುಡಿ. ಆ ಮನೆಯಲ್ಲಿ ಕತ್ತಿನ ತುಂಬ ಪೌಡರು ಬಳಿದುಕೊಳ್ಳುವವರು ಒಬ್ಬರೇ, ಮಾವ. ಡ್ರೈವರ್ ಸೀಟಿನ ಮೇಲೆ ಅವರದೇ ಕನ್ನಡಕದ ಡಬ್ಬಿ. ತನ್ನ ಅಂಗಡಿಯದೇ, ತಾನೇ ಕೊಟ್ಟದ್ದು!

ತಿಂಡಿಯ ಹೊತ್ತಿಗೆ ಅವನು ಗಾಳ ಹಾಕಿದ.

“ಮಾವ, ರಾತ್ರಿ ನಿದ್ದೆ ಬಂತಾ?”

“ಬಂತಪ್ಪ. ನಿಮಗೆ?”

“ನಮಗೆ ಬಂತು. ಜೀಪಿಗೇ ಯಾಕೋ ಒಂದು ಕಾಲು ಕುಸಿದಿದೆ.”

ಮಾವನ ಕೈಯ ಚಹಾ ಕೂತಲ್ಲೇ ತುಳುಕಿತು. “ಅದು ಹೇಗೆ? ಬೆಳಿಗ್ಗೆ ಸರಿಯಾಗೇ ಇತ್ತಲ್ಲ...” ಎಂದವರು ನಾಲಿಗೆ ಕಚ್ಚಿಕೊಂಡರು. ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ಗಕ್ಕನೆ ನಿಂತು, ಮತ್ತೆ ಶುರುವಾಯಿತು.

ಸರಿ. ಸಂಜೆ ಅವನು ಮತ್ತೆ ಇನ್ನೂರಕ್ಕೆ ತುಂಬಿದ. ಮಲಗುವ ಮುಂಚೆ ಒಂದು ಸಲ ನೋಡಿದ. ಮನಸ್ಸು ತಡೆಯದೆ ಇನ್ನೊಂದು ಸಲ ನೋಡಿದ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಶೆಡ್ಡಿನ ಹಳೇ ಟೈರುಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಬಾಗಿಲು ಕಿರ್ರೆಂದಿತು. ಮಾವ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಗೋಡೆಯ ಮೊಳೆಯಿಂದ ಗೇಜು ತೆಗೆದು, ಎಡ ಚಕ್ರದ ಬಳಿ ಬಗ್ಗಿದರು. ಟುಸ್!

“ಸಿಕ್ಕಿದ್ರಿ ಮಾವ! ಹೆಣ್ಣು ಕೊಟ್ಟ ಮಾವ ಅಂತ ಸುಮ್ಮನಿದ್ರೆ, ಕದ್ದು ಗ್ಯಾಸ್ ಬಿಡ್ತೀರಾ?”

ಮಾವ ಎದೆ ಹಿಡಿದುಕೊಂಡರು. “ಬಿಡ್ತಿಲ್ಲ ಅಳಿಯಂದಿರೇ, ನೋಡ್ತಿದ್ದೀನಿ! ಇದು ಹೋಗಬಾರದು ಅಂತ ದಿನಾ ಬಂದು ನೋಡ್ತೀನಿ. ರಿಟೈರ್ ಆದ ಮೇಲೆ ನನ್ನ ಕೈಗೆ ಸ್ಟೀರಿಂಗ್ ಕೊಟ್ಟೋರು ಯಾರು? ನೀವು ಅಂಗಡಿಗೆ ಹೋದ್ಮೇಲೆ ಇದರಲ್ಲೇ ಕೂತು ಒಂದು ರೌಂಡ್ ಹಾಕ್ತೀನಿ.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಬೀಗದಕೈ ನಿಮ್ಮ ಹತ್ರ ಇರುತ್ತಲ್ಲ.”

“ಮತ್ತೆ ಮುಚ್ಚಳದ ಮೇಲೆ ಪೌಡರು?”

“ಪೌಡರು ಸ್ನಾನ ಆದ್ಮೇಲೆ. ನಾನಿನ್ನೂ ಮುಖಾನೇ ತೊಳೆದಿಲ್ಲ. ನಂಬದಿದ್ರೆ ನೋಡಿ, ಗ್ಯಾಸ್ ಎಲ್ಲೂ ಹೋಗಿಲ್ಲ!” ಎಂದು ಮಾವ ಗೇಜು ಒತ್ತಿದರು. ಟುಸ್. ನೂರೆಪ್ಪತ್ತು.

“ಸರಿಯಾಗಿ ಕೂತಿಲ್ಲ, ಕೊಡಿ ಇಲ್ಲಿ.” ಅಳಿಯ ಒತ್ತಿದ. ಟುಸ್. ನೂರರವತ್ತು.

“ನನ್ನ ಕಣ್ಣು ಮಂಜು, ಇನ್ನೊಂದು ಸಲ...” ಟುಸ್. ನೂರೈವತ್ತು.

ಇಬ್ಬರೂ ಗೇಜನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿರುವುದು ಒಂದು ಗುಟುಕು; ಅಳೆಯುವ ಗೇಜು ಪ್ರತಿ ಸಲವೂ ಅದರಲ್ಲೇ ತನ್ನ ಪಾಲು ಕುಡಿಯುತ್ತಿತ್ತು.

“ನೀವು ದಿನಕ್ಕೆ ಎಷ್ಟು ಸಲ ನೋಡ್ತೀರಿ?” ಮಾವ ಮೆಲ್ಲಗೆ ಕೇಳಿದರು.

“ಅದನ್ನ ಬಿಡಿ” ಎಂದ ಕನ್ನಡಕದವನು. “ಸಿಲಿಂಡರ್ ಹಿಡ್ಕೊಳ್ಳಿ. ತುಂಬಿ, ಮುಚ್ಚಿ, ಮರೆತುಬಿಡೋಣ. ಚಹಾ ಲೋಟ ಮಾತ್ರ...”

“ಲೋಟ ನನಗೆ ಬಿಡಿ. ಅಂಗಿ ಮೇಲೆ ಬೀಳೋ ಮುಂಚೆ ಕುಡಿದುಬಿಡ್ತೀನಿ. ಆದ್ರೆ ನನ್ನ ಮಗಳಿಗೆ ಗೊತ್ತಾದ್ರೆ ಇಬ್ಬರನ್ನೂ ಗುಜರಿಗೆ ಹಾಕ್ತಾಳೆ.”

ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದು. ಇಬ್ಬರೂ ದಡಬಡನೆ ಟೈರುಗಳ ಹಿಂದೆ ಅಡಗಿದರು. ಬಾಗಿಲು ಮೆಲ್ಲಗೆ ತೆರೆಯಿತು. ಒಳಗೆ ಬಂದ ಕೈ, ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈ, ಗೋಡೆಯ ಮೊಳೆಯನ್ನು ತಡಕಿತು.

“ಎಲ್ಲಿಟ್ರೋ ಆ ಗೇಜನ್ನ! ದಿನಾ ನೋಡ್ತಿದ್ದೀನಿ, ದಿನಾ ಇಳೀತಿದೆ... ಇವತ್ತೊಂದು ದಿನ ನೆಟ್ಟಗೆ ನಿಂತ್ಕೊಳ್ಳೋ ನನ್ನಪ್ಪ, ನೀನು ಹೋದ್ರೆ ಇವರು ಮತ್ತೆ ನನ್ನ ಮಿಕ್ಸಿಗೇ ಕೈ ಹಾಕ್ತಾರೆ!”